ಕರಾರು ಪತ್ರ ಕೇಳಿದ್ರೆ ಪ್ರಕಾಶಕರು ಬೇಜಾರು ಮಾಡ್ಕೋತಾರಾ?

ಹಾಸನದ ಕಡೆ ಹೊಸದಾಗಿ ಕಥೆ ಬರೆಯುವವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದೇ. ಬೇಜಾರಾದರೆ ಆಗಲಿ, ಕೇಳಿ ಅನ್ನುತ್ತೇನೆ ನಾನು. ಪುಸ್ತಕ ಹೊರಗೆ ಬಂದರೆ ಸಾಕು, ಬಿಡುಗಡೆ ದಿನ ಒಂದು ಶಾಲು, ನಾಲ್ಕು ಫೋಟೋ ಸಿಕ್ಕರೆ ಸಾಕು ಅಂತ ಕೂತಿರುತ್ತೇವೆ. ಅದು ಪ್ರಕಾಶಕರಿಗೂ ಚೆನ್ನಾಗಿ ಗೊತ್ತು.

ಮೊನ್ನೆ ಸಕಲೇಶಪುರದ ಕಡೆಯ ಹುಡುಗಿಯೊಬ್ಬಳು ತನ್ನ ಮೊದಲ ಕಥಾಸಂಕಲನದ ಕರಾರು ಪತ್ರವನ್ನು ವಾಟ್ಸಾಪ್ ಮಾಡಿದ್ದಳು. ಒಂದೂವರೆ ಪುಟ. "ಸಾರ್, ಸಹಿ ಹಾಕ್ಲಾ? ನಾಳೇನೇ ಕಳಿಸ್ಬೇಕಂತೆ" ಅಂತ ಕೆಳಗೊಂದು ಸಾಲು. ಮುದ್ರಣ, ಇ-ಪುಸ್ತಕ, ಆಡಿಯೋ, ಅನುವಾದ, ನಾಟಕ, ಸಿನಿಮಾ, ಹೀಗೆ ಇರುವ ಹಕ್ಕನ್ನೆಲ್ಲ ಪ್ರಕಾಶಕರಿಗೆ ಶಾಶ್ವತವಾಗಿ ವಹಿಸಿಕೊಟ್ಟಿದ್ದೇನೆ ಅಂತ ಬರೆದಿತ್ತು. ಅದರ ಕೆಳಗೇ ಇನ್ನೊಂದು: 200 ಪ್ರತಿಗಳನ್ನು ಲೇಖಕಿಯೇ ದುಡ್ಡು ಕೊಟ್ಟು ಕೊಳ್ಳಬೇಕು. ದುಡ್ಡೂ ಇವಳದ್ದು, ಕಥೆಯೂ ಇವಳದ್ದು, ಹಕ್ಕು ಮಾತ್ರ ಅವರದ್ದು!

ನಮ್ಮ ಕಡೆ ಮೆಣಸಿನ ಫಸಲು ಗುತ್ತಿಗೆ ಕೊಡುವಾಗ ಎಷ್ಟು ವರ್ಷಕ್ಕೆ, ಯಾವ ತೋಟದ್ದು ಅಂತ ಹತ್ತು ಸಲ ಕೇಳುತ್ತೇವೆ. ಕಥೆ ಕೊಡುವಾಗ ಮಾತ್ರ ಅದೇನು ನಾಚಿಕೆಯೋ.

1957ರ ಕಾಪಿರೈಟ್ ಕಾಯ್ದೆ ಬರೆಯುವವರ ಪರವಾಗಿಯೇ ಇದೆ. ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಅದು ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ವರ್ಷ ಅಂತ ಬರೆಯದೇ ಬಿಟ್ಟಿದ್ದರೆ 5 ವರ್ಷ ಅಂತಲೇ ಲೆಕ್ಕ. ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ತಗೊಂಡ ಹಕ್ಕನ್ನು ಒಂದು ವರ್ಷ ಬಳಸದೇ ಇದ್ದರೆ, ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಅದು ನಿಮಗೇ ವಾಪಸ್. ಅಂದರೆ ಏನೂ ಬರೆಯದ ಕರಾರಿಗಿಂತ 'ಶಾಶ್ವತವಾಗಿ' ಅಂತ ಬರೆದ ಕರಾರೇ ಹೆಚ್ಚು ಅಪಾಯ. ಕೃತಿಯ ಹಕ್ಕು ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ನಿಮ್ಮ ಮೊಮ್ಮಕ್ಕಳ ಕಾಲದವರೆಗಿನ ಹಕ್ಕನ್ನು ಒಂದು ಸಹಿಯಲ್ಲಿ ಕೊಟ್ಟುಬಿಡುತ್ತಿದ್ದೀರಿ.

"ನನ್ನ ಕಥೇನ ಯಾರು ಸಾರ್ ಅನುವಾದ ಮಾಡ್ತಾರೆ" ಅಂತ ನಗಬೇಡಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಿದ್ದು ಇದೇ ಹಾಸನದ ಬಾನು ಮುಷ್ತಾಕ್ ಅವರಿಗೆ, ಅದೂ ಇಂಗ್ಲಿಷಿಗೆ ಅನುವಾದವಾದ ಸಣ್ಣಕಥೆಗಳಿಗೆ. 50,000 ಪೌಂಡ್ ಬಹುಮಾನವನ್ನು ಲೇಖಕಿ ಮತ್ತು ಅನುವಾದಕಿ ದೀಪಾ ಭಾಸ್ತಿ ಸಮನಾಗಿ ಹಂಚಿಕೊಳ್ಳುವಂಥದ್ದು. ಎಲ್ಲರಿಗೂ ಬೂಕರ್ ಬರಲ್ಲ, ಒಪ್ಪಿದೆ. ಹಾಗಂತ ಅನುವಾದದ ಹಕ್ಕನ್ನು ಸುಮ್ನೆ ಯಾಕೆ ಕೊಡಬೇಕು? ಕನ್ನಡ ಮುದ್ರಣಕ್ಕೆ, ಇಷ್ಟು ವರ್ಷಕ್ಕೆ ಅಂತ ಅನುಮತಿ ಕೊಡಿ. ಉಳಿದದ್ದು ನಿಮ್ಮಲ್ಲೇ ಇರಲಿ.

ರಾಯಲ್ಟಿ, ಅಂದರೆ ಪುಸ್ತಕದ ಮಾರಾಟದಲ್ಲಿ ಲೇಖಕರಿಗೆ ಸಿಗುವ ಪಾಲು, ಎಷ್ಟು ಅಂದರೆ ಎಲ್ಲರೂ ಶೇಕಡಾ 10 ಅಂತಾರೆ. ಯಾವುದರ ಮೇಲೆ ಅಂತ ಕೇಳುವವರು ಕಡಿಮೆ. 200 ರೂಪಾಯಿ ಮುಖಬೆಲೆಯ ಪುಸ್ತಕ ಸಾವಿರ ಪ್ರತಿ ಮಾರಾಟವಾಯಿತು ಅಂದುಕೊಳ್ಳಿ. ಮುಖಬೆಲೆಯ ಮೇಲಾದರೆ 20,000. ಅಂಗಡಿಗೆ ಶೇಕಡಾ 40 ರಿಯಾಯಿತಿ ಬಿಟ್ಟು, ಕೈಗೆ ಬಂದ ದುಡ್ಡಿನ ಮೇಲಾದರೆ 12,000. ಎಷ್ಟು ಪ್ರತಿ ಅಚ್ಚಾಯಿತು, ಎಷ್ಟು ಹೋಯಿತು ಅಂತ ವರ್ಷಕ್ಕೊಮ್ಮೆ ಲೆಕ್ಕ ಕೊಡಬೇಕು ಅನ್ನುವ ಸಾಲೂ ಇರಲಿ. ಆ ಸಾಲಿಲ್ಲದಿದ್ದರೆ ಪ್ರಕಾಶಕರ ಲೆಕ್ಕದಲ್ಲಿ ಮೊದಲ ಮುದ್ರಣ ಯಾವತ್ತೂ ಮುಗಿಯುವುದೇ ಇಲ್ಲ!

ಪ್ರಕಾಶಕರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಕಾಗದ, ಅಚ್ಚು, ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದು), ಕರಡು ತಿದ್ದುವುದು, ಎಲ್ಲಕ್ಕೂ ಮೊದಲು ದುಡ್ಡು ಸುರಿಯುವವರು ಅವರು. ಸರ್ಕಾರಿ ಗ್ರಂಥಾಲಯಗಳ ಸಗಟು ಖರೀದಿಯ ಬಿಲ್ಲಿಗೆ ಕಾದು ಕಾದು ಸುಸ್ತಾದವರನ್ನು ನೋಡಿದ್ದೇನೆ. ಹೊಸಬರ ಪುಸ್ತಕ ಹಾಕುವುದೇ ಧೈರ್ಯ. ಆದರೆ ಆ ಧೈರ್ಯದ ಖರ್ಚನ್ನೂ ಹೊಸಬರಿಂದಲೇ ವಸೂಲಿ ಮಾಡಿದರೆ? ಕೈಯಿಂದ ದುಡ್ಡು ಹಾಕುವ ಮುಂಚೆ ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಚೊಚ್ಚಲ ಕೃತಿಗೆ ಸಿಗುವ ಸಹಾಯಧನದ ಬಗ್ಗೆ ಒಮ್ಮೆ ವಿಚಾರಿಸಿ.

ನಮ್ಮ ಕಡೆಯಿಂದಲೂ ಆಗಬೇಕಾದ್ದಿದೆ. ಅರ್ಧ ಬರೆದ ಕಾದಂಬರಿ ಹಿಡಿದು "ಹಾಕ್ತೀರಾ ಸಾರ್" ಅಂತ ಫೋನ್ ಮಾಡಿದರೆ ಅವರು ತಾನೇ ಏನು ಹೇಳಬೇಕು? ಕಥೆ ಕಾದಂಬರಿ ಬರೆಯುವ ಹೊಸಬರ ಹತ್ತಿರ ಪೂರ್ತಿ ಹಸ್ತಪ್ರತಿ ಇರಬೇಕು. ಜೊತೆಗೆ ಒಂದು ಪುಟದ ಪತ್ರ: ಕಥೆ ಏನು, ಕೊನೆಗೆ ಏನಾಗುತ್ತದೆ (ಮುಚ್ಚಿಡಬೇಡಿ, ಅದು ಸಿನಿಮಾ ಟ್ರೇಲರ್ ಅಲ್ಲ), ಎಷ್ಟು ಪದ, ಮೊದಲು ಎಲ್ಲಿ ಪ್ರಕಟವಾಗಿದೆ. ಹಿರಿಯರ ಮುನ್ನುಡಿ ಆಮೇಲೆ ನೋಡಿಕೊಳ್ಳೋಣ.

ಆ ಹುಡುಗಿ ಮೂರು ಬದಲಾವಣೆ ಕೇಳಿ ಪತ್ರ ವಾಪಸ್ ಕಳಿಸಿದಳು. ಎರಡು ದಿನ ಉತ್ತರವಿಲ್ಲ. ಪುಸ್ತಕವೇ ನಿಂತುಹೋಯಿತು ಅಂತ ನನ್ನ ಮೇಲೆ ಸಿಟ್ಟೂ ಬಂದಿರಬೇಕು. ಮೂರನೇ ದಿನ ಪ್ರಕಾಶಕರೇ ಫೋನ್ ಮಾಡಿದರಂತೆ. 5 ವರ್ಷ, ಕನ್ನಡ ಮುದ್ರಣ ಮಾತ್ರ ಅನ್ನುವುದಕ್ಕೆ ಒಪ್ಪಿದರು. ಅವಳು ಕೊಳ್ಳಬೇಕಾದ ಪ್ರತಿಗಳು 200ರಿಂದ 50ಕ್ಕೆ ಇಳಿದವು. ಮುಖಬೆಲೆಯ ಮೇಲೆ ರಾಯಲ್ಟಿಗೆ ಮಾತ್ರ ಸುತರಾಂ ಒಪ್ಪಲಿಲ್ಲ. ಅದನ್ನು ಎರಡನೇ ಪುಸ್ತಕಕ್ಕೆ ಕೇಳ್ತೀನಿ ಅಂತ ಹೇಳಿ ಸಹಿ ಹಾಕಿದ್ದಾಳೆ.