ಬೀಗರಿಗೆ ಭಾರಿ ಕೈಗಾರಿಕೆ

ಕೇಂದ್ರದಲ್ಲಿ ಸಮ್ಮಿಶ್ರ ಸರ್ಕಾರ ಬಂದಾಗಲೆಲ್ಲ ಟಿವಿ ಪರದೆಯ ತುಂಬ ಒಂದೇ ಪ್ರಶ್ನೆ ಓಡುತ್ತದೆ. ಯಾರಿಗೆ ಯಾವ ಖಾತೆ? ಯಾವ ಖಾತೆಗೆ ಎಂಥವರು ಬೇಕು ಎಂಬ ಪ್ರಶ್ನೆ ಅಪ್ಪಿತಪ್ಪಿಯೂ ಬರುವುದಿಲ್ಲ. ಬರಬಾರದು ಕೂಡ. ಗಂಡಿನ ಕಡೆಯವರು ಬಸ್ಸಿನಿಂದ ಇಳಿಯುತ್ತಿರುವಾಗ ನಿಮ್ಮಲ್ಲಿ ಅಡುಗೆ ಯಾರಿಗೆ ಬರುತ್ತದೆ ಅಂತ ಯಾರಾದರೂ ಕೇಳುತ್ತಾರಾ? ಯಾರಿಗೆ ಯಾವ ಕೋಣೆ, ಯಾವ ಕೋಣೆಯಲ್ಲಿ ಫ್ಯಾನ್ ಇದೆ, ಬಿಸಿನೀರು ಮೊದಲು ಯಾರಿಗೆ, ಇಷ್ಟೇ ಅಲ್ವಾ ಆ ಹೊತ್ತಿನ ಚಿಂತೆ. ಮಿತ್ರಪಕ್ಷದವರು ಅಂದರೆ ಬೀಗರು. ಅವರು ಮುಖ ಊದಿಸಿಕೊಂಡರೆ ಮುಹೂರ್ತವೇ ನಿಲ್ಲುತ್ತದೆ.

2024ರ ಜೂನ್ 9ರ ಸಂಜೆಯನ್ನೇ ನೋಡಿ. ಪ್ರಧಾನಿಯೂ ಸೇರಿ 72 ಮಂದಿ ಪ್ರಮಾಣ ವಚನ ಸ್ವೀಕರಿಸಿದರು. ಹತ್ತು ವರ್ಷದ ಹಿಂದೆ ಇದೇ ಪ್ರಧಾನಿ 'ಕನಿಷ್ಠ ಸರ್ಕಾರ, ಗರಿಷ್ಠ ಆಡಳಿತ' ಎಂದಿದ್ದರು. ಆಗ ಬಿಜೆಪಿಗೆ 282 ಸೀಟು, ಪ್ರಮಾಣ ಮಾಡಿದವರು 46. 2019ರಲ್ಲಿ 303 ಸೀಟು, 58 ಮಂದಿ. ಈಗ ಸೀಟು 240ಕ್ಕೆ ಇಳಿಯಿತು, ಮಂದಿ 72ಕ್ಕೆ ಏರಿದರು. ಸೀಟು ಏರಿದರೂ ಸಚಿವರು ಏರುತ್ತಾರೆ, ಇಳಿದರೂ ಏರುತ್ತಾರೆ. ಪೆಟ್ರೋಲ್ ಬೆಲೆ ಬಿಟ್ಟರೆ ಇಷ್ಟು ಸ್ವತಂತ್ರವಾಗಿ ಬೆಳೆಯುವ ಸಂಖ್ಯೆ ದೇಶದಲ್ಲಿ ಇನ್ನೊಂದಿಲ್ಲ.

ಬಹುಮತಕ್ಕೆ ಬೇಕಾದದ್ದು 272. ಕೊರತೆ 32. ಈ 32 ಎಂಬ ಸಂಖ್ಯೆಯಿಂದ ಹುಟ್ಟಿದ ಗಣಿತವನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ತೆಲುಗು ದೇಶಂಗೆ 16 ಸಂಸದರು, ಜೆಡಿಯುಗೆ 12. ಇಬ್ಬರಿಗೂ ಒಂದೊಂದು ಸಂಪುಟ ದರ್ಜೆ, ಒಂದೊಂದು ರಾಜ್ಯ ಖಾತೆ, ಅಂದರೆ ಸಂಪುಟಕ್ಕಿಂತ ಕೆಳಗಿನ ದರ್ಜೆ. ಶಿಂದೆ ಅವರ ಶಿವಸೇನೆಗೆ 7 ಸಂಸದರು, ಸಿಕ್ಕಿದ್ದು ಸ್ವತಂತ್ರ ಹೊಣೆಯ ಒಂದೇ ಒಂದು ರಾಜ್ಯ ಖಾತೆ. ನಮ್ಮ ಜೆಡಿಎಸ್‌ಗೆ 2 ಸಂಸದರು, ಒಂದು ಸಂಪುಟ ದರ್ಜೆ. ಜಿತನ್ ರಾಮ್ ಮಾಂಝಿ ಅವರ ಹಿಂದೂಸ್ತಾನಿ ಅವಾಮ್ ಮೋರ್ಚಾಗೆ ಒಬ್ಬರೇ ಸಂಸದರು. ಆ ಒಬ್ಬರು ಮಾಂಝಿ ಅವರೇ. ಅವರಿಗೂ ಸಂಪುಟ ದರ್ಜೆ! ಅಂದರೆ ಪಕ್ಷದ ಲೋಕಸಭಾ ಬಲದ ನೂರಕ್ಕೆ ನೂರರಷ್ಟು ಸಂಪುಟದಲ್ಲಿದೆ. ಸಂಸದೀಯ ಪಕ್ಷದ ಸಭೆ ಕರೆಯಬೇಕೆಂದರೆ ಕನ್ನಡಿ ಮುಂದೆ ನಿಂತರೆ ಸಾಕು, ಕೋರಂ ಆಯಿತು.

ಶಿವಸೇನೆಯವರು ಇದನ್ನೇ ಹಿಡಿದು ದೂರಿದರು. ಒಬ್ಬರಿರುವ ಪಕ್ಷಕ್ಕೆ ಸಂಪುಟ, ಏಳು ಮಂದಿ ಇರುವ ನಮಗೆ ರಾಜ್ಯ ಖಾತೆ, ಇದ್ಯಾವ ನ್ಯಾಯ ಅಂತ. ಅವರು ರಾಮದಾಸ್ ಅಠಾವಳೆ ಅವರ ಕಡೆ ನೋಡಲಿಲ್ಲ ಅಂತ ಕಾಣುತ್ತದೆ. ಅವರ ರಿಪಬ್ಲಿಕನ್ ಪಕ್ಷಕ್ಕೆ ಲೋಕಸಭೆಯಲ್ಲಿ ಸೊನ್ನೆ ಸೀಟು. ಅವರು ರಾಜ್ಯಸಭೆಯಿಂದ ಬಂದು ಸಚಿವರಾದರು. ಒಂದನ್ನು ಸೊನ್ನೆಯಿಂದ ಭಾಗಿಸಬಾರದು ಎಂದು ನಮ್ಮ ಗಣಿತದ ಮೇಷ್ಟ್ರು ಬಡಕೊಂಡಿದ್ದರು. ದೆಹಲಿಯಲ್ಲಿ ಭಾಗಿಸುತ್ತಾರೆ, ಉತ್ತರವೂ ಬರುತ್ತದೆ.

ಎನ್‌ಸಿಪಿಯ ಅಜಿತ್ ಪವಾರ್ ಕಡೆಯವರದು ಇನ್ನೊಂದು ಬಗೆ. ಪ್ರಫುಲ್ ಪಟೇಲ್ ಅವರಿಗೆ ಸ್ವತಂತ್ರ ಹೊಣೆಯ ರಾಜ್ಯ ಖಾತೆ ಕೊಡುತ್ತೇವೆ ಎಂದರೆ ಅವರು ಒಲ್ಲೆ ಎಂದರು. ಹಿಂದೆ ಸಂಪುಟ ದರ್ಜೆಯಲ್ಲಿ ಕೂತವರು ಈಗ ಕೆಳಗಿಳಿದು ಕೂರುವುದೇ? ಹೋದ ಮದುವೆಯಲ್ಲಿ ಮೊದಲ ಪಂಕ್ತಿ, ಈ ಮದುವೆಯಲ್ಲಿ ಎರಡನೇ ಪಂಕ್ತಿ ಅಂದರೆ ಯಾವ ಬೀಗರು ತಾನೇ ಎಲೆಯ ಮುಂದೆ ಕೂರುತ್ತಾರೆ? ಹೋದ ಮದುವೆ ಬೇರೆ ಮನೆಯದಾಗಿತ್ತು ಎಂಬುದು ಮಾತ್ರ ಯಾರಿಗೂ ನೆನಪಿದ್ದಂತಿಲ್ಲ. ಅವರು ಹಿಂದೆ ಸಚಿವರಾಗಿದ್ದದ್ದು ಮನಮೋಹನ್ ಸಿಂಗ್ ಸರ್ಕಾರದಲ್ಲಿ.

ಇನ್ನು ಕೋಣೆಗಳ ವಿಷಯ. ದೆಹಲಿಯ ಮನೆಯಲ್ಲಿ ಕೆಲವು ಕೋಣೆಗಳು ಬೀಗರಿಗಾಗಿಯೇ ಇವೆ. ಭಾರಿ ಕೈಗಾರಿಕೆ ಅದರಲ್ಲಿ ಮೊದಲನೆಯದು. ವಾಜಪೇಯಿ ಕಾಲದಲ್ಲಿ ಶಿವಸೇನೆಯ ಮನೋಹರ ಜೋಶಿ. ಮನಮೋಹನ್ ಸಿಂಗ್ ಕಾಲದ ಕೊನೆಯ ವರ್ಷಗಳಲ್ಲಿ ಎನ್‌ಸಿಪಿಯ ಇದೇ ಪ್ರಫುಲ್ ಪಟೇಲ್. 2014ರಲ್ಲಿ ಶಿವಸೇನೆಯ ಅನಂತ ಗೀತೆ. 2019ರಲ್ಲಿ ಶಿವಸೇನೆಯದೇ ಅರವಿಂದ ಸಾವಂತ್. 2024ರಲ್ಲಿ ನಮ್ಮ ಕುಮಾರಸ್ವಾಮಿ, ಜೊತೆಗೆ ಉಕ್ಕು. ಹೆಸರು ಕೇಳಿದರೆ ಎಷ್ಟು ತೂಕ! ಭಾರಿ, ಕೈಗಾರಿಕೆ, ಉಕ್ಕು. ಒಳಗೆ ಹೋಗಿ ನೋಡಿದರೆ ಅರ್ಧ ಕಪಾಟು ಕಾಯಿಲೆ ಬಿದ್ದ ಸರ್ಕಾರಿ ಕಂಪನಿಗಳ ಫೈಲುಗಳು. ನಮ್ಮ ಎಚ್‌ಎಂಟಿ ವಾಚಿನ ಫೈಲೂ ಅಲ್ಲೇ ಇತ್ತು. ಅದನ್ನು ಮುಚ್ಚಲು 2016ರಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. ಗೀತೆ ಅವರು 2014ರಲ್ಲಿ ಈ ಖಾತೆ ಸಿಕ್ಕಾಗ ತಕ್ಷಣ ಅಧಿಕಾರ ವಹಿಸಿಕೊಳ್ಳಲೇ ಇಲ್ಲ. 18 ಸಂಸದರ ಪಕ್ಷಕ್ಕೆ ಇದೊಂದೇನಾ ಎಂದು ಪಕ್ಷ ಮುನಿಸಿಕೊಂಡಿತ್ತು. ಆಮೇಲೆ ಸಮಾಧಾನವಾಗಿ ಹೋಗಿ ಕೂತರು. ಬೀಗರ ಮುನಿಸು ಎಷ್ಟು ಹೊತ್ತು?

ಮಂಡ್ಯದಲ್ಲಿ ಅವತ್ತು ಕೃಷಿ ಖಾತೆಯ ಮಾತು ಓಡಾಡುತ್ತಿತ್ತು. ಬಂದದ್ದು ಉಕ್ಕು. ಕಬ್ಬಿನ ಬದಲು ಕಬ್ಬಿಣ ಎಂದು ಜನ ಸಮಾಧಾನ ಮಾಡಿಕೊಂಡರು. ಉಕ್ಕಿನ ಕಾರ್ಖಾನೆಯ ಊರಾದ ಭದ್ರಾವತಿಯವರಿಗೆ ಮಾತ್ರ ನಿಜವಾಗಿ ಆಸೆ ಹುಟ್ಟಿತು. ಆ ಆಸೆಯನ್ನು ತಮಾಷೆ ಮಾಡಲು ನನಗೆ ಮನಸ್ಸಿಲ್ಲ, ಮುಂದೆ ಹೋಗೋಣ.

ವಿಮಾನಯಾನ ಇನ್ನೊಂದು ಬೀಗರ ಕೋಣೆ. ಶರದ್ ಯಾದವ್, ಪ್ರಫುಲ್ ಪಟೇಲ್, ಅಜಿತ್ ಸಿಂಗ್, ಅಶೋಕ್ ಗಜಪತಿ ರಾಜು, ಈಗ ರಾಮ್ ಮೋಹನ್ ನಾಯ್ಡು. ನಡುನಡುವೆ ಮನೆಯವರೂ ಅಲ್ಲಿ ಮಲಗಿದ್ದುಂಟು, ಆದರೆ ಬೀಗರು ಬಂದರೆಂದರೆ ಹಾಸಿಗೆ ಎತ್ತಬೇಕು. ಆಹಾರ ಸಂಸ್ಕರಣೆಯೂ ಹಾಗೇ. ಅಕಾಲಿದಳದ ಹರ್‌ಸಿಮ್ರತ್ ಕೌರ್, ಆಮೇಲೆ ಪಶುಪತಿ ಪಾರಸ್, ಆಮೇಲೆ ಚಿರಾಗ್ ಪಾಸ್ವಾನ್. ಕೊನೆಯ ಇಬ್ಬರು ಚಿಕ್ಕಪ್ಪ, ಅಣ್ಣನ ಮಗ. ಇಬ್ಬರಿಗೂ ಮಾತಿಲ್ಲ, ಪಕ್ಷ ಒಡೆದು ಎರಡಾಗಿದೆ. ಖಾತೆ ಮಾತ್ರ ಮನೆಯಲ್ಲೇ ಉಳಿಯಿತು.

ಗೃಹ, ರಕ್ಷಣೆ, ಹಣಕಾಸು, ವಿದೇಶಾಂಗ. ಈ ನಾಲ್ಕು ಕೋಣೆಗಳ ಬೀಗದ ಕೈ ಮಾತ್ರ ಸಾಮಾನ್ಯವಾಗಿ ಮನೆಯ ಯಜಮಾನರ ಸೊಂಟದಲ್ಲೇ ಇರುತ್ತದೆ. ಇದು ಸುಮ್ನೆ ಬಂದ ಪದ್ಧತಿಯಲ್ಲ. ದೆಹಲಿಯ ಮೊದಲ ಸಮ್ಮಿಶ್ರ ಸರ್ಕಾರವೇ ಆ ಪಾಠ ಕಲಿಸಿದೆ. 1946ರ ಮಧ್ಯಂತರ ಸರ್ಕಾರಕ್ಕೆ ಮುಸ್ಲಿಂ ಲೀಗ್ ಬಂದು ಸೇರಿದಾಗ ಅವರಿಗೊಂದು ದೊಡ್ಡ ಖಾತೆ ಕೊಡಬೇಕಾಯಿತು. ಪಟೇಲರು ಗೃಹ ಬಿಡಲು ಒಪ್ಪಲಿಲ್ಲ. ಹಣಕಾಸು ಕೊಡಿ, ಅದನ್ನು ನಿಭಾಯಿಸಲು ಅವರಿಂದ ಆಗುವುದಿಲ್ಲ ಎಂಬ ಲೆಕ್ಕಾಚಾರದಲ್ಲಿ ಲಿಯಾಖತ್ ಅಲಿ ಖಾನರಿಗೆ ಹಣಕಾಸು ಹೋಯಿತು. ಆಮೇಲೆ ಗೊತ್ತಾಯಿತು, ಎಲ್ಲ ಇಲಾಖೆಯ ಎಲ್ಲ ಫೈಲೂ ಆ ಒಂದು ಮೇಜಿನ ಮೇಲೆ ಹಾದು ಹೋಗಬೇಕು. ಒಬ್ಬ ಜವಾನನನ್ನು ನೇಮಿಸಬೇಕೆಂದರೂ ಲಿಯಾಖತರ ಸಹಿ ಬೇಕು. ಆ ಪೆಟ್ಟು ತಿಂದ ಮೇಲೆ ಹಣಕಾಸನ್ನು ಬೀಗರ ಕೈಗೆ ಕೊಡಲು ದೊಡ್ಡ ಪಕ್ಷಗಳಿಗೆ ಕೈ ನಡುಗುತ್ತದೆ.

ಮನೆಯವರೇ ಬಡವರಾದರೆ ಮಾತು ಬೇರೆ. 1996ರಲ್ಲಿ ನಮ್ಮ ದೇವೇಗೌಡರು ಪ್ರಧಾನಿಯಾದಾಗ ಜನತಾದಳಕ್ಕೆ ಇದ್ದದ್ದು 46 ಸೀಟು. ಕೋಣೆಯ ಬೀಗ ಹಾಕಲು ಕೋಣೆಯಾದರೂ ಸ್ವಂತದ್ದು ಇರಬೇಕಲ್ಲ? ಹಣಕಾಸು ತಮಿಳು ಮಾನಿಲ ಕಾಂಗ್ರೆಸ್ಸಿನ ಚಿದಂಬರಂ ಅವರಿಗೆ. ರಕ್ಷಣೆ ಸಮಾಜವಾದಿ ಪಕ್ಷದ ಮುಲಾಯಂ ಸಿಂಗ್ ಅವರಿಗೆ. ಗೃಹ ಸಿಪಿಐನ ಇಂದ್ರಜಿತ್ ಗುಪ್ತ ಅವರಿಗೆ. ಒಂದು ಕಾಲದಲ್ಲಿ ಕಮ್ಯುನಿಸ್ಟರ ಮೇಲೆ ಕಣ್ಣಿಡುತ್ತಿದ್ದ ಇಲಾಖೆಗೆ ಕಮ್ಯುನಿಸ್ಟರೇ ಯಜಮಾನರು. ಇತ್ತ ಸಿಪಿಎಂ ಸರ್ಕಾರದೊಳಗೆ ಬರಲಿಲ್ಲ. ಜ್ಯೋತಿ ಬಸು ಪ್ರಧಾನಿಯಾಗಲು ಪಕ್ಷ ಬಿಡಲಿಲ್ಲ, ಅವರು ಅದನ್ನು 'ಐತಿಹಾಸಿಕ ಪ್ರಮಾದ' ಎಂದರು. ಕಾಂಗ್ರೆಸ್ ಹೊರಗಿನಿಂದ ಬೆಂಬಲ ಕೊಟ್ಟಿತು. ಹೊರಗಿನ ಬೆಂಬಲ ಎಂದರೆ ಊಟಕ್ಕೆ ಕೂರದೆ ಬಾಗಿಲಲ್ಲಿ ನಿಂತು ಸಾರಿಗೆ ಉಪ್ಪು ಕಮ್ಮಿ ಎನ್ನುವವರು. ವರ್ಷ ತುಂಬುವ ಮೊದಲೇ ಅವರು ಚಪ್ಪರದ ಕಂಬ ಕಿತ್ತರು.

ಕೋಣೆ ಸಾಲದೆ ಬಂದಾಗ ಏನು ಮಾಡುತ್ತಾರೆ? ಹೆಸರು ಕೊಡುತ್ತಾರೆ. 1979ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿ ಒಂದೇ ಸಂಪುಟದಲ್ಲಿ ಇಬ್ಬರು ಉಪಪ್ರಧಾನಿಗಳನ್ನು ಇಟ್ಟುಕೊಂಡರು, ಚರಣ್ ಸಿಂಗ್ ಮತ್ತು ಜಗಜೀವನ ರಾಂ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಕೊಡದಿದ್ದರೆ ಸರ್ಕಾರ ಬೀಳುತ್ತಿತ್ತು. ಇಬ್ಬರಿಗೂ ಕೊಟ್ಟರು, ಆ ವರ್ಷವೇ ಬಿತ್ತು. 1989ರ ಡಿಸೆಂಬರಿನಲ್ಲಿ ದೇವಿಲಾಲ್ ಪ್ರಮಾಣ ವಚನಕ್ಕೆ ನಿಂತರು. ಪಠ್ಯದಲ್ಲಿ ಇದ್ದದ್ದು 'ಮಂತ್ರಿ'. ಅವರು ಓದಿದ್ದು 'ಉಪಪ್ರಧಾನಮಂತ್ರಿ'. ರಾಷ್ಟ್ರಪತಿ ವೆಂಕಟರಾಮನ್ ತಿದ್ದಿದರು. ದೇವಿಲಾಲ್ ಮತ್ತೆ 'ಉಪಪ್ರಧಾನಮಂತ್ರಿ' ಎಂದೇ ಓದಿದರು. ಸಂವಿಧಾನದಲ್ಲಿ ಅಂಥ ಹುದ್ದೆಯೇ ಇಲ್ಲ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಹೆಸರಿಗೆ ಏನೇ ಕರೆದುಕೊಂಡರೂ ಅವರು ಮಂತ್ರಿಯೇ, ಪ್ರಮಾಣ ಸಿಂಧು ಎಂದು ಕೋರ್ಟು ಹೇಳಿತು. ದೇಶದ ಅತಿದೊಡ್ಡ ನ್ಯಾಯಾಲಯ ಬೀಗರ ಪೇಟಕ್ಕೆ ಮುದ್ರೆ ಒತ್ತಿದ್ದು ಹೀಗೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 2004ರ ಮೇ ತಿಂಗಳ ಕಥೆ. ತೆಲಂಗಾಣ ರಾಷ್ಟ್ರ ಸಮಿತಿಯ ಕೆ. ಚಂದ್ರಶೇಖರ ರಾವ್ ಅವರಿಗೆ ಹಡಗು ಖಾತೆ ಕೊಟ್ಟರು. ತೆಲಂಗಾಣಕ್ಕೆ ಸಮುದ್ರವೇ ಇಲ್ಲ. ಹುಸೇನ್ ಸಾಗರ ಇದೆ, ಅದರಲ್ಲಿ ದೋಣಿ ಓಡುತ್ತದೆ. ಅಷ್ಟರಲ್ಲಿ ಡಿಎಂಕೆಯವರು ಹಡಗು ನಮ್ಮದು, ಮಾತಾಗಿತ್ತು ಎಂದು ಕೂತರು. ಅವರ ಸಚಿವರು ಅಧಿಕಾರ ವಹಿಸಿಕೊಳ್ಳಲೇ ಇಲ್ಲ. ಡಿಎಂಕೆಗೆ 16 ಸಂಸದರು, ಟಿಆರ್‌ಎಸ್‌ಗೆ 5. ಎರಡೇ ದಿನದಲ್ಲಿ ಹಡಗು ದಿಕ್ಕು ಬದಲಿಸಿ ಟಿ.ಆರ್. ಬಾಲು ಅವರ ಬಂದರಿಗೆ ಹೋಯಿತು. ರಾವ್ ಅವರು ಖಾತೆ ಇಲ್ಲದ ಸಚಿವರಾಗಿ ಉಳಿದರು. ನವೆಂಬರಿನಲ್ಲಿ ಕಾರ್ಮಿಕ ಖಾತೆ ಬಂತು. ಆರು ತಿಂಗಳು ಕೆಲಸವಿಲ್ಲದೆ ಇದ್ದವರಿಗೆ ಉದ್ಯೋಗ ಮತ್ತು ಕಾರ್ಮಿಕರ ಹೊಣೆ ಕೊಟ್ಟದ್ದು ನನ್ನ ಪ್ರಕಾರ ಆ ಸರ್ಕಾರದ ಏಕೈಕ ಅನುಭವ ಆಧಾರಿತ ನೇಮಕ.

ಖಾತೆ ಇಲ್ಲದ ಸಚಿವಗಿರಿ ಯುಪಿಎ ಕಂಡುಹಿಡಿದದ್ದೇನಲ್ಲ. ಅದಕ್ಕೂ ಮುಂಚೆ, 2003ರಲ್ಲಿ, ಮಮತಾ ಬ್ಯಾನರ್ಜಿ ವಾಜಪೇಯಿ ಸಂಪುಟಕ್ಕೆ ಮರಳಿದಾಗ ಅವರೂ ಕೆಲವು ತಿಂಗಳು ಹಾಗೇ ಇದ್ದರು. ಅದೇ ಮಮತಾ 2012ರಲ್ಲಿ ಕೋಲ್ಕತ್ತದಲ್ಲಿ ಕೂತೇ ದೆಹಲಿಯ ರೈಲು ನಿಲ್ಲಿಸಿದರು. ಅವರ ಪಕ್ಷದ ದಿನೇಶ್ ತ್ರಿವೇದಿ ಮಾರ್ಚ್ 14ರಂದು ರೈಲ್ವೆ ಬಜೆಟ್ ಮಂಡಿಸಿ ಟಿಕೆಟ್ ದರ ಏರಿಸಿದರು. ವಾರ ತುಂಬುವುದರೊಳಗೆ ಅವರೇ ಇಳಿದರು. ಇಳಿಸಿದ್ದು ಪ್ರಧಾನಿಯಲ್ಲ, ವಿರೋಧ ಪಕ್ಷವೂ ಅಲ್ಲ, ಸ್ವಂತ ಪಕ್ಷದ ಅಕ್ಕ. ಬಜೆಟ್ ಮಾತ್ರ ಸದನದಲ್ಲೇ ಇತ್ತು, ಮಂಡಿಸಿದವರು ಪ್ಲಾಟ್‌ಫಾರ್ಮಿನಲ್ಲಿ.

ರಾಮ್ ವಿಲಾಸ್ ಪಾಸ್ವಾನ್ ಅವರಿಗೆ ಇಂಥ ತೊಂದರೆ ಆಗಲಿಲ್ಲ. ವಿ.ಪಿ. ಸಿಂಗ್, ದೇವೇಗೌಡ, ಗುಜ್ರಾಲ್, ವಾಜಪೇಯಿ, ಮನಮೋಹನ್ ಸಿಂಗ್, ಮೋದಿ. ಆರು ಪ್ರಧಾನಿಗಳ ಕೈಕೆಳಗೆ ಸಚಿವರಾದವರು. ಹವಾಮಾನ ತಜ್ಞ ಎಂದು ಇವರನ್ನು ಲಾಲು ಪ್ರಸಾದ್ ಚುಡಾಯಿಸಿದ್ದರು. ಹುಡುಗ ಯಾರೇ ಆಗಲಿ, ಹುಡುಗಿ ಯಾರೇ ಆಗಲಿ, ಮೊದಲ ಪಂಕ್ತಿಯಲ್ಲಿ ಈ ಬೀಗರು ಇದ್ದೇ ಇರುತ್ತಿದ್ದರು.

ರಾಜ್ಯ ಸಚಿವರ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ, ಅವರಿಗೂ ಜಾಸ್ತಿ ಮಾಡುವಂಥದ್ದಿಲ್ಲ. ಸಂಪುಟ ಸಚಿವರು ಫೈಲು ಕಳಿಸುವುದಿಲ್ಲ, ನಮಗೆ ಕೆಲಸವೇ ಇಲ್ಲ ಎಂದು ಮನಮೋಹನ್ ಸಿಂಗ್ ಬಳಿಯೇ ಅವರು ದೂರಿಕೊಂಡಿದ್ದರು. ಕೆಲಸ ಕೊಡಿ ಎಂದು ಕೇಳಿದ ರಾಜಕಾರಣಿಗಳು ಇತಿಹಾಸದಲ್ಲಿ ಅವರೊಬ್ಬರೇ ಇರಬೇಕು. ಪಾಪ, ಯಾರೂ ಕೊಡಲಿಲ್ಲ.

ಇದಕ್ಕೆಲ್ಲ ಒಂದು ಮಿತಿ ಇದೆ, ಇಲ್ಲವೆನ್ನುವಂತಿಲ್ಲ. 1997ರಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರದಲ್ಲಿ 93 ಸಚಿವರಿದ್ದರು. ಪಕ್ಷ ಒಡೆದು ಬಂದವರಿಗೆಲ್ಲ ಕಾರು, ಕೆಂಪು ದೀಪ. ಇಂಥದ್ದನ್ನೆಲ್ಲ ನೋಡಿ ಸಾಕಾಗಿ 2003ರಲ್ಲಿ ಸಂವಿಧಾನಕ್ಕೆ 91ನೇ ತಿದ್ದುಪಡಿ ತಂದರು. ಸದನದ ಬಲದ ಶೇ 15ಕ್ಕಿಂತ ಹೆಚ್ಚು ಸಚಿವರು ಇರುವಂತಿಲ್ಲ. ಲೋಕಸಭೆಯ ಬಲ 543. ಅಂದರೆ ಪ್ರಧಾನಿಯೂ ಸೇರಿ 81.

2024ರ ಜೂನ್ 9ರಂದು ಪ್ರಮಾಣ ಮಾಡಿದವರು 72. ಉಳಿದದ್ದು 9 ಖಾಲಿ ಕುರ್ಚಿ. ನನ್ನ ಕೇಳಿದರೆ ಇಡೀ ಮಂತ್ರಿಮಂಡಲದಲ್ಲಿ ಅತಿ ಹೆಚ್ಚು ದುಡಿಯುವುದು ಈ ಒಂಬತ್ತೇ. ಎನ್‌ಸಿಪಿಯವರು ಮುನಿಸಿಕೊಂಡರೆ ಮುಂದಿನ ವಿಸ್ತರಣೆಯಲ್ಲಿ ನೋಡೋಣ ಎಂದು ಇವನ್ನು ತೋರಿಸಬೇಕು. ಶಿವಸೇನೆಯವರಿಗೂ ಇವನ್ನೇ ತೋರಿಸಬೇಕು. ಸ್ವಂತ ಪಕ್ಷದಲ್ಲಿ ಅವಕಾಶ ತಪ್ಪಿದವರಿಗೂ ಇವೇ. ನಾಳೆ ಆ ಕಡೆಯಿಂದ ಈ ಕಡೆಗೆ ದಾಟಬೇಕು ಎಂದುಕೊಂಡವರ ಕನಸಲ್ಲೂ ಇವೇ. ಒಂದೊಂದು ಕುರ್ಚಿ ಒಂದೇ ಹೊತ್ತಿಗೆ ಹತ್ತು ಮಂದಿಯನ್ನು ಸುಮ್ಮನಿರಿಸುತ್ತದೆ. ಸಂಬಳವಿಲ್ಲ, ಬಂಗಲೆಯಿಲ್ಲ, ಆಪ್ತ ಕಾರ್ಯದರ್ಶಿಯಿಲ್ಲ. ಒಂದು ದಿನವಾದರೂ ರಜೆ ಹಾಕಿದ್ದನ್ನು ಯಾರೂ ನೋಡಿಲ್ಲ.