ರೆಫರಾಯಣ

ಎಳೆಯ ಮಗುವಿನ ಕಿವಿಗೆ ಪುಟ್ಟ ತುದಿಯೊಂದನ್ನಿಟ್ಟು, ಸಣ್ಣ ಸದ್ದು ಕಳಿಸಿ, ಒಳಕಿವಿಯಿಂದ ಮರುದನಿ ಬರುತ್ತದೆಯೇ ಎಂದು ನೋಡುವ ಯಂತ್ರವೊಂದಿದೆ. ಆ ಪರೀಕ್ಷೆಗೆ ಒಎಇ ಎನ್ನುತ್ತಾರೆ. ಮರುದನಿ ಬಂದರೆ ಪರದೆಯಲ್ಲಿ ‘ಪಾಸ್’ ಎಂದು ಮೂಡುತ್ತದೆ. ಬಾರದಿದ್ದರೆ ‘ಫೇಲ್’ ಎನ್ನಲು ಯಂತ್ರಕ್ಕೂ ದಾಕ್ಷಿಣ್ಯ. ‘ರೆಫರ್’ ಎಂದು ಹೇಳಿ ಸುಮ್ಮನಾಗುತ್ತದೆ. ಅದೊಂದೇ ಸುಮ್ಮನಾಗುವುದು.

ನನ್ನ ತಂಗಿಯ ಮಗನಿಗೆ ‘ರೆಫರ್’ ಬಂತು. ಕಿವಿಯಲ್ಲಿ ಹೆರಿಗೆ ಹೊತ್ತಿನ ಕೊಳೆ ಉಳಿದಿದ್ದರೂ ಹೀಗಾಗುವುದುಂಟು, ಗಾಬರಿ ಬೇಡ, ತಡವೂ ಬೇಡ ಎಂದರು ಶ್ರವಣ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್. ಮುಂದಿನದು ಬೆರಾ ಪರೀಕ್ಷೆ: ಹಣೆಗೂ ಕಿವಿಯ ಹಿಂಬದಿಗೂ ಎಲೆಕ್ಟ್ರೋಡ್ ಅಂಟಿಸಿ, ಸದ್ದು ನರದ ಹಾದಿಯಲ್ಲಿ ಮಿದುಳಿನ ಬುಡ ಮುಟ್ಟುತ್ತದೆಯೇ ಎಂದು ಅಳೆಯುವುದು. ಮಾಡುವವರು ಅದೇ ಆಡಿಯಾಲಜಿಸ್ಟ್. ಯಂತ್ರ ಪಕ್ಕದ ಕೋಣೆಯಲ್ಲೇ ಇದೆ. ಆದರೆ ನಡುವಿನ ಗೋಡೆ ದಾಟಲು ತಜ್ಞರ ಚೀಟಿ ಬೇಕು.

ಮಕ್ಕಳ ವೈದ್ಯರು ಇಎನ್‌ಟಿ ತಜ್ಞರಿಗೆ ಬರೆದರು: ‘ದಯವಿಟ್ಟು ಪರಿಶೀಲಿಸಿ.’ ಮೂರು ವಾರ ದಾಟಿದ ಮೇಲೆ ಸಿಕ್ಕ ತಜ್ಞರು ಕಿವಿಯೊಳಗೆ ಬೆಳಕು ಬಿಟ್ಟು, ಅರೆನಿಮಿಷ ಇಣುಕಿ, ‘ಶ್ರವಣ ಪರೀಕ್ಷೆ ಅಗತ್ಯ’ ಎಂದು ಬರೆದರು. ಯಂತ್ರ ಮೊದಲೇ ಹೇಳಿದ್ದ ಮಾತಿಗೆ ಈಗ ಮೊಹರು ಬಿತ್ತು. ಹುಟ್ಟುವ ಮೊದಲೇ ತಗಲಿದ ಸೈಟೋಮೆಗಾಲೋ ವೈರಸ್ ಕಿವಿ ಕೇಳಿಸದಿರಲು ಕಾರಣವೇ ಎಂದು ಖಚಿತಪಡಿಸಿಕೊಳ್ಳಲು ಮೂತ್ರವನ್ನೋ ಜೊಲ್ಲನ್ನೋ ಮೊದಲ 21 ದಿನಗಳೊಳಗೆ ಪರೀಕ್ಷಿಸಬೇಕಂತೆ. ನಮಗೆ ಮೊದಲ ಸಹಿ ದಕ್ಕಿದ್ದು 24ನೆಯ ದಿನ.

ಚೀಟಿಯ ಜೊತೆಗೊಂದು ನಮೂನೆ. ಅದರಲ್ಲಿ ಪ್ರಶ್ನೆ: ‘ಫೋನಿನಲ್ಲಿ ಮಾತನಾಡಲು ತೊಂದರೆಯಾಗುತ್ತದೆಯೇ?’ ತಂಗಿ ಯೋಚಿಸಿ ‘ಹೌದು’ ಎಂದು ಬರೆದಳು. ಹಸುಗೂಸಿಗೆ ತೊಂದರೆ ಇದ್ದೇ ಇದೆಯಲ್ಲ.

ಕಾಯುವ ಕೋಣೆಯಲ್ಲಿ 1-3-6 ಸೂತ್ರದ ಚಂದದ ಪೋಸ್ಟರ್ ಅಂಟಿಸಿದ್ದರು: ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ನಿರ್ಣಯ, ಆರರೊಳಗೆ ನೆರವು. ನಿಧಾನವಾಗಿ ಓದಿ ಬಾಯಿಪಾಠ ಮಾಡುವಷ್ಟು ಸಮಯ ನಮಗಿತ್ತು. ಅದರ ಕೆಳಗೆ ಇನ್ನೊಂದು ಫಲಕ: ‘ಹೆಸರು ಕೂಗಿದಾಗ ಓಗೊಡದವರ ಸರದಿ ರದ್ದು.’ ಇದು ಶ್ರವಣ ವಿಭಾಗ ಎಂಬುದನ್ನು ಮತ್ತೊಮ್ಮೆ ನೆನಪಿಸುತ್ತೇನೆ.

ಬೆರಾ ಮಾಡುವಾಗ ಮಗು ಅಲುಗಾಡಬಾರದು, ನಿದ್ದೆ ಹೋಗಿರಬೇಕು. ಬೆಳಗಿನಿಂದ ಮಲಗಿಸದೆ ಕರೆತನ್ನಿ ಎಂದಿದ್ದರು. ಅಂಗಾಲು ತಿಕ್ಕುತ್ತ, ಒದ್ದೆ ಬಟ್ಟೆಯಿಂದ ಮುಖ ಒರೆಸುತ್ತ ತಂಗಿ ಅವನನ್ನು ಎಚ್ಚರವಿಟ್ಟಳು. ಸರದಿ ಹತ್ತಿರ ಬಂದಾಗ ಹಾಲು ಕುಡಿಸಿದಳು. ಮುಷ್ಟಿ ಬೆರಳು ಬೆರಳಾಗಿ ಸಡಿಲಿಸಿ, ತುಟಿಯಂಚಿನಲ್ಲಿ ಹಾಲಿನ ಗುಳ್ಳೆಯೊಂದನ್ನು ಉಳಿಸಿಕೊಂಡು ಮಗು ಮಲಗಿತು. ನಾವು ಉಸಿರು ಬಿಗಿಹಿಡಿದು ಎದ್ದೆವು.

‘ಚೀಟಿಯ ಅವಧಿ ನಿನ್ನೆಗೆ ಮುಗಿದಿದೆ’ ಎಂದರು ಕೌಂಟರಿನವರು. ‘ಹೊಸದು ಬರೆಸಿಕೊಂಡು ಬನ್ನಿ. ಮಗುವಿನ ತೂಕವನ್ನೂ ನೋಡಿಸಬೇಕು.’

ಅವಧಿ ಮುಗಿಯುವ ಮುನ್ನ ದಿನಾಂಕ ಕೊಡದವರೂ ಅವರೇ. ತೂಕದ ತಣ್ಣನೆಯ ತಟ್ಟೆ ಬೆನ್ನಿಗೆ ತಾಗಿದ್ದೇ ತಡ, ಮಗು ಕಣ್ಣು ಬಿಟ್ಟಿತು. ಆಮೇಲೆ ಮುಚ್ಚಲೇ ಇಲ್ಲ. ಆಡಿಯಾಲಜಿಸ್ಟ್ ಪಾಪ, ದೀಪ ಆರಿಸಿ ಮುಕ್ಕಾಲು ಗಂಟೆ ಕಾದರು. ಕೊನೆಗೆ ತಾವೇ ಲಾಲಿ ಹಾಡಿದರು, ಕೇಳಿಸುತ್ತದೋ ಇಲ್ಲವೋ ಎಂದು ತಿಳಿಯಲು ಬಂದ ಮಗುವಿಗೆ.

ವರದಿ ಸಿಕ್ಕಿತು: ‘ರೋಗಿ ಸಹಕರಿಸಲಿಲ್ಲ. ತಜ್ಞರಿಗೆ ರೆಫರ್.’

ಮುಂದಿನ ದಿನಾಂಕದ ಹೊತ್ತಿಗೆ ಅವನಿಗೆ ಏಳು ತಿಂಗಳಾಗಿರುತ್ತದೆ. ಆ ವಯಸ್ಸಿಗೆ ಹಾಲು ಕುಡಿಸಿ ಮಲಗಿಸಿದರೆ ಸಾಲದು, ಔಷಧಿ ಕೊಟ್ಟೇ ಮಲಗಿಸಬೇಕಾದೀತು ಎಂದರು. ಅದಕ್ಕೆ ಅರಿವಳಿಕೆ ತಜ್ಞರ ಚೀಟಿ ತರಬೇಕಂತೆ.