ತಾತನ ಕಿವಿ ನನಗೆ ಕಂಡಿದ್ದು ಎಡಿಟಿಂಗ್‌ನಲ್ಲಿ

ಈ ವಾರ ಮೂವರು ಇನ್‌ಬಾಕ್ಸ್‌ಗೆ ಬಂದು ಒಂದೇ ಪ್ರಶ್ನೆ ಕೇಳಿದರು. "ಅಕ್ಕಾ, ಸಿನಿಮಾ ಮಾಡಿ ಪಿಎಚ್‌ಡಿ ತಗೋಬಹುದಂತೆ ಹೌದಾ? ಥೀಸಿಸ್ ಬರೆಯೋ ಕಷ್ಟ ಇರಲ್ವಂತೆ?" ಮೊದಲನೆಯದು ಹೌದು. ಎರಡನೆಯದು ಖಂಡಿತ ಸುಳ್ಳು. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಇಲ್ಲೇ ಹೇಳಿಬಿಡುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾನು ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಮೂರನೇ ವರ್ಷದಲ್ಲಿದ್ದೇನೆ. ನನ್ನ ವಿಷಯ ನಮ್ಮ ಕಡೆಯ ಟೂರಿಂಗ್ ಟಾಕೀಸ್, ಅದರಲ್ಲೂ ಟೆಂಟಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದ ಆಪರೇಟರ್‌ಗಳು. ಮೊದಲ ವರ್ಷ ನೋಟ್‌ಬುಕ್, ರೆಕಾರ್ಡರ್ ಹಿಡಿದು ಹೋದೆ. ತಿಪಟೂರಿನ ಹತ್ತಿರ ಒಂದು ಹಳ್ಳಿಯಲ್ಲಿ ಒಬ್ಬರು ತಾತ ಸಿಕ್ಕರು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಟೆಂಟಿನಲ್ಲಿ ದುಡಿದವರು. ರೀಲ್ ಮುಗೀತಿದೆ ಅಂತ ಹೇಗೆ ತಿಳೀತಿತ್ತು ತಾತ? "ಗೊತ್ತಾಗೋದು ಕಣವ್ವ." ಬೆಳಕು ಮಂಕಾಗ್ತಿದೆ ಅಂತ? "ಅದೂ ಗೊತ್ತಾಗೋದು." ಎರಡು ದಿನ ಕೂತರೂ ನನ್ನ ನೋಟ್‌ಬುಕ್ಕಿನಲ್ಲಿ ಒಂದು ಪುಟ ತುಂಬಲಿಲ್ಲ.

ತಾತನ ಕಾಲದ ಪ್ರೊಜೆಕ್ಟರ್‌ನಲ್ಲಿ ಬಲ್ಬ್ ಇರಲಿಲ್ಲ. ಎರಡು ಕಾರ್ಬನ್ ಕಡ್ಡಿಗಳ ತುದಿಯ ನಡುವೆ ಕರೆಂಟ್ ಹಾರಿ ಬೆಳಕು ಬರುತ್ತಿತ್ತು. ಕಡ್ಡಿ ಉರಿದು ಸವೆಯುತ್ತದೆ, ಸಂದು ಅಗಲವಾಗುತ್ತದೆ, ಪರದೆ ಮಂಕಾಗುತ್ತದೆ. ಹಾಗಾಗಿ ಕಡ್ಡಿಯನ್ನು ಆಗಾಗ ಮುಂದಕ್ಕೆ ತಳ್ಳುತ್ತಿರಬೇಕು. ಇದರ ಮೇಲೆ ರೀಲ್ ಬದಲಾಯಿಸುವ ಕೆಲಸ. 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ, ಸಾವಿರ ಅಡಿಯ ರೀಲ್ ಅಂದರೆ ಸುಮಾರು 11 ನಿಮಿಷ. ತಾತನ ಟೆಂಟಿನಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರ್, ಹಾಗಾಗಿ ಒಂದು ರೀಲ್ ಮುಗಿದರೆ ಅದನ್ನೇ ನಿಲ್ಲಿಸಿ ಇನ್ನೊಂದು ಹಾಕಬೇಕು.

ಎರಡನೇ ವರ್ಷ ಕ್ಯಾಮೆರಾ ತೆಗೆದುಕೊಂಡು ಹೋದೆ. ಊರಿನ ಒಂದು ಗೋಡೌನಿನಲ್ಲಿ ಧೂಳು ಹಿಡಿದು ಕೂತಿದ್ದ ಹಳೇ ಪ್ರೊಜೆಕ್ಟರ್ ಹುಡುಕಿ ತಾತನನ್ನು ಅದರ ಮುಂದೆ ನಿಲ್ಲಿಸಿದೆ. ಓಡುವ ಮಿಷನ್ ಅಲ್ಲ. "ಒಂದು ರೀಲ್ ಓಡಿಸಿ ತಾತ, ಸುಮ್ನೆ ಓಡ್ತಿದೆ ಅಂದ್ಕೊಂಡು" ಅಂದೆ. ಒಂದು ರೀಲಿನಷ್ಟೇ ಉದ್ದ, 11 ನಿಮಿಷ, ಕಟ್ ಇಲ್ಲದೆ ಶೂಟ್ ಮಾಡಿದೆ. ಮಾತಿನಲ್ಲಿ ಬಾರದ್ದೆಲ್ಲ ಕೈಯಲ್ಲಿ ಬಂತು. ಒಂದು ಕೈ ಕಡ್ಡಿಯ ತಿರುಪಿನ ಮೇಲೆ, ಇನ್ನೊಂದು ಕೈ ರೀಲಿನ ಅಂಚಿನಲ್ಲಿ.

ಆದರೆ ಮುಖ್ಯವಾದದ್ದು ಅಲ್ಲಿ ನಿಂತಾಗ ನನಗೆ ಕಾಣಲಿಲ್ಲ. ವಾಪಸ್ ಬಂದು ಎಡಿಟಿಂಗ್‌ಗೆ ಕೂತು ಅದೇ ಶಾಟನ್ನು ಎಷ್ಟನೆಯ ಸಲವೋ ನೋಡುವಾಗ ಹೊಳೆಯಿತು. ತಾತ ಮಿಷನ್ ಕಡೆಗೂ ನೋಡುತ್ತಿಲ್ಲ, ಪರದೆ ಇರಬೇಕಾದ ಕಡೆಗೂ ನೋಡುತ್ತಿಲ್ಲ. ತಲೆ ಒಂದು ಪಕ್ಕಕ್ಕೆ ವಾಲಿದೆ, ಕಿವಿ ಹೊರಗಿನ ಸದ್ದಿನ ಕಡೆಗಿದೆ. ಫೋನ್ ಮಾಡಿ ಕೇಳಿದೆ. ಅವರು ಹೇಳಿದರು: "ಬೆಳಕು ಕಮ್ಮಿಯಾದ್ರೆ ಜನ ಕೂಗ್ತಾರಲ್ಲವ್ವ, ಕೂಗೋಕೆ ಮುಂಚೆ ಒಂಥರಾ ಗುಜುಗುಜು ಅಂತ ಸದ್ದು ಬರೋದು. ಅದು ಬಂತು ಅಂದ್ರೆ ಕಡ್ಡಿ ತಳ್ಳೋದು."

ಅಂದರೆ ಆ ಟೆಂಟಿನ ಬೆಳಕನ್ನು ನೆಲದ ಮೇಲೆ ಕೂತ ಜನರೂ ಸೇರಿ ನಡೆಸುತ್ತಿದ್ದರು! ನಾನು ಓದಿದ ಯಾವ ಪುಸ್ತಕದಲ್ಲೂ ಇದು ಸಿಕ್ಕಿರಲಿಲ್ಲ. ತಾತನಿಗೂ ತನಗೆ ಇದು ಗೊತ್ತಿದೆ ಎಂಬುದು ಗೊತ್ತಿರಲಿಲ್ಲ. ಆ ಶಾಟ್ ಇಲ್ಲದಿದ್ದರೆ ಆ ಪ್ರಶ್ನೆಯೇ ನನ್ನ ತಲೆಗೆ ಬರುತ್ತಿರಲಿಲ್ಲ. ಸಿನಿಮಾ ಮಾಡುತ್ತಾ ಸಂಶೋಧನೆ ಮಾಡುವುದು ಎಂದರೆ ನನ್ನ ಮಟ್ಟಿಗೆ ಇದು. ಮೊದಲೇ ಗೊತ್ತಿದ್ದ ವಿಷಯಕ್ಕೆ ಚಂದದ ದೃಶ್ಯ ಜೋಡಿಸಿದರೆ ಅದು ಒಳ್ಳೆಯ ಸಾಕ್ಷ್ಯಚಿತ್ರ ಆಗಬಹುದು, ಪಿಎಚ್‌ಡಿ ಆಗುವುದಿಲ್ಲ.

ಬರೆಯುವ ಕೆಲಸದ ಬಗ್ಗೆ ಕೇಳಿದಿರಲ್ವಾ. ಇಲ್ಲಿ ಸಾಮಾನ್ಯ ಪಿಎಚ್‌ಡಿಗೆ 80 ಸಾವಿರದಿಂದ 1 ಲಕ್ಷ ಪದ. ಸಿನಿಮಾ ಜೊತೆಗಿದ್ದರೆ ಒಂದೊಂದು ಕಡೆ ಒಂದೊಂದು ಲೆಕ್ಕ, ಹೆಚ್ಚಾಗಿ 30ರಿಂದ 50 ಸಾವಿರ ಪದ. ಅದರಲ್ಲಿ ಪ್ರಶ್ನೆ ಏನು, ಹಿಂದಿನವರು ಏನು ಹೇಳಿದ್ದಾರೆ, ಸಿನಿಮಾ ಏನನ್ನು ಹೊಸದಾಗಿ ಕಂಡುಕೊಂಡಿತು ಎಲ್ಲ ಬರಬೇಕು. ಆಮೇಲೆ ವೈವಾ, ಅಂದರೆ ಮೌಖಿಕ ಪರೀಕ್ಷೆ. ಪರೀಕ್ಷಕರು ಸಿನಿಮಾ ನೋಡಿ, ಬರಹ ಓದಿ, ಎರಡನ್ನೂ ಹಿಡಿದು ಕೇಳುತ್ತಾರೆ. ಎರಡು ಕೆಲಸ, ಒಂದೇ ಪದವಿ.

ಇದರಲ್ಲಿ ಇನ್ನೊಂದು ದಾರಿಯೂ ಇದೆ, ಶೂಟಿಂಗೇ ಬೇಡ. ಇರುವ ಸಿನಿಮಾಗಳ ತುಣುಕುಗಳನ್ನೇ ಜೋಡಿಸಿ ವಿಮರ್ಶೆ ಮಾಡುವ ವಿಡಿಯೊ ಪ್ರಬಂಧ. ಹಳೇ ಕನ್ನಡ ಸಿನಿಮಾಗಳಲ್ಲಿ ಅಡುಗೆಮನೆ ಬಾಗಿಲಲ್ಲಿ ನಿಂತು ಹೊರಗಿನ ಮಾತು ಕೇಳಿಸಿಕೊಳ್ಳುವ ಹೆಂಗಸರ ಶಾಟ್‌ಗಳನ್ನಷ್ಟೇ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಹತ್ತು ಪುಟದ ಲೇಖನಕ್ಕೆ ಸಿಗದ್ದು ಕಣ್ಣಿಗೆ ಬೀಳುತ್ತದೆ. ಇಂಥ ಕೆಲಸಕ್ಕೇ ಮೀಸಲಾದ 'ಇನ್‌ಟ್ರಾನ್ಸಿಷನ್' ಎಂಬ ಪತ್ರಿಕೆ 2014ರಿಂದ ನಡೆಯುತ್ತಿದೆ, ವಿಡಿಯೊ ಜೊತೆಗೆ ವಿಮರ್ಶಕರ ಅಭಿಪ್ರಾಯವನ್ನೂ ಅದರಲ್ಲಿ ಓದಬಹುದು. ಬಜೆಟ್ ಇಲ್ಲದವರು ಇದರಿಂದ ಶುರು ಮಾಡಿ ಅನ್ನುವುದು ನನ್ನ ಸಲಹೆ.

ದೊಡ್ಡ ಉದಾಹರಣೆ ಬೇಕು ಅನ್ನುವವರು 'ದಿ ಆಕ್ಟ್ ಆಫ್ ಕಿಲ್ಲಿಂಗ್' ನೋಡಿ. ಇಂಡೋನೇಷ್ಯಾದಲ್ಲಿ 1965-66ರ ಸಾಮೂಹಿಕ ಹತ್ಯೆಗಳಲ್ಲಿ ಕೊಲೆ ಮಾಡಿದವರಿಗೇ ಅವರಿಷ್ಟದ ಸಿನಿಮಾ ಶೈಲಿಯಲ್ಲಿ ಆ ಕೊಲೆಗಳನ್ನು ನಟಿಸಿ ತೋರಿಸಲು ಹೇಳಿದ ಚಿತ್ರ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ವಿಶ್ವವಿದ್ಯಾಲಯದ ಸಂಶೋಧನಾ ಯೋಜನೆಯ ಜೊತೆ ಬೆಳೆದದ್ದು. ಎದುರು ಕೂರಿಸಿ ಪ್ರಶ್ನೆ ಕೇಳಿದ್ದರೆ ಆ ಜನ ಹಾಗೆ ಬಿಚ್ಚಿಕೊಳ್ಳುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ.

ಇಲ್ಲಿಗೆ ಬರುವ ಮೊದಲು ಇದೇ ವಿಷಯ ಹಿಡಿದು ನಮ್ಮಲ್ಲೇ ಒಂದು ವಿಭಾಗದ ಬಾಗಿಲು ತಟ್ಟಿದ್ದೆ. "ಸಿನಿಮಾ ಮಾಡ್ಕೊಳಮ್ಮ, ಬೇಡ ಅನ್ನಲ್ಲ, ಅದನ್ನ ಸೀಡಿ ಮಾಡಿ ಥೀಸಿಸ್ ಹಿಂದೆ ಅಂಟಿಸು" ಅಂದರು. ತುಂಬಾ ನೋವಾಗಿತ್ತು. ಈಗ ಯೋಚಿಸಿದರೆ ಅವರ ಕಷ್ಟವೂ ಅರ್ಥವಾಗುತ್ತದೆ. ನಮ್ಮ ಪ್ರಬಂಧಗಳೆಲ್ಲ ಕೊನೆಗೆ ಪಿಡಿಎಫ್ ಆಗಿ ಶೋಧಗಂಗಾಕ್ಕೆ (ದೇಶದ ಪಿಎಚ್‌ಡಿ ಪ್ರಬಂಧಗಳನ್ನು ಇಡುವ ಆನ್‌ಲೈನ್ ಭಂಡಾರ) ಹೋಗಬೇಕು, ಕೃತಿಚೌರ್ಯ ಪರೀಕ್ಷೆ ಮಾಡುವ ಸಾಫ್ಟ್‌ವೇರ್‌ಗೆ ಅಕ್ಷರ ಬೇಕು. 11 ನಿಮಿಷದ ಶಾಟನ್ನು ಅದರೊಳಗೆ ತುರುಕುವುದು ಹೇಗೆ?

ಆದರೂ ಈ ಕೆಲಸ ಕನ್ನಡಕ್ಕೇ ಹೆಚ್ಚು ಬೇಕು ಅಂತ ನಾನು ಹಟ ಹಿಡಿದು ಹೇಳುತ್ತೇನೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಗೆ ಬಂದದ್ದು 1934ರಲ್ಲಿ, ಹಳೇ ಸಿನಿಮಾಗಳನ್ನು ಕಾಪಾಡಿಡುವ ಪುಣೆಯ ಫಿಲ್ಮ್ ಆರ್ಕೈವ್ ಶುರುವಾದದ್ದು ಮೂವತ್ತು ವರ್ಷದ ಮೇಲೆ, 1964ರಲ್ಲಿ. ಆ ಸಿನಿಮಾದ ಪ್ರಿಂಟ್ ಇವತ್ತು ಇಲ್ಲ. ಸಿನಿಮಾನೇ ಉಳಿಯದ ಕಡೆ ಅದನ್ನು ಓಡಿಸಿದವರ, ಟಿಕೆಟ್ ಹರಿದವರ, ನೆಲದ ಮೇಲೆ ಕೂತು ನೋಡಿದವರ ಮೈ ನೆನಪೇ ನಮಗಿರುವ ಆರ್ಕೈವ್. ತಾತನಿಗೆ ಈಗ 81 ವರ್ಷ.

ಮುಂದಿನ ತಿಂಗಳು ಊರಿಗೆ ಬರುತ್ತಿದ್ದೇನೆ. ಅವರು ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿ, ಎಡಿಟ್ ಆದ ಮೇಲೆ ಮೊದಲು ಅವರಿಗೆ ತೋರಿಸುತ್ತೇನೆ, ಬೇಡ ಅಂದ ದೃಶ್ಯ ತೆಗೆಯುತ್ತೇನೆ ಅಂತ ಕನ್ನಡದಲ್ಲೇ ಬರೆದಿದ್ದೇನೆ. ಅವರ ಮನೆ ಜಗಲಿಯಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸುವುದು ಅಂತಾಗಿದೆ. ಕತ್ತಲಾದ ಮೇಲೆ ಬಾ ಅಂದಿದ್ದಾರೆ, ಬೀದಿಯವರನ್ನೂ ಕರೆಯುತ್ತಾರಂತೆ.